ಬೆಳಕು ಕೊಡದ ದೀಪಗಳು

ತುಂಗಭದ್ರೆಯ ದಂಡೆಯ ಮಾಗಳ ಎಂದರೆ ಇತಿಹಾಸ ಬಲ್ಲವರಿಗೆ ನೆನಪಾಗುವುದು ಕಲ್ಯಾಣ ಚಾಲುಕ್ಯರ ಕಾಲದ ಸೂರ್ಯನಾರಾಯಣ ದೇವಾಲಯ. ಆ ಗುಡಿಯ ಮಾತಿಗೆ ಕೊನೆಯಲ್ಲಿ ಬರೋಣ. ಮೊದಲು ಈ ಸೀಮೆಯ ಪಡಸಾಲೆಗಳಲ್ಲಿ, ಗೋಡೆಯ ಗೂಡಿನ ಮೇಲೆ, ಕಸೂತಿ ಹಾಕಿದ ಬಟ್ಟೆ ಹೊದ್ದು ಕುಳಿತಿರುತ್ತಿದ್ದ ರೇಡಿಯೋದ ಕಡೆ ನೋಡೋಣ.

ಧಾರವಾಡದ ಆಕಾಶವಾಣಿ ಕೇಂದ್ರ ಆರಂಭವಾದದ್ದು 1950ರ ಜನವರಿ 8ರಂದು. ಆಗ ಧಾರವಾಡ ಮುಂಬಯಿ ರಾಜ್ಯದಲ್ಲಿತ್ತು; ಹೂವಿನಹಡಗಲಿ, ಹರಪನಹಳ್ಳಿ, ಕೂಡ್ಲಿಗಿ ಮದರಾಸು ರಾಜ್ಯದಲ್ಲಿದ್ದವು. ರೇಡಿಯೋ ತರಂಗಕ್ಕೆ ಆ ಗಡಿ ಲೆಕ್ಕಕ್ಕಿರಲಿಲ್ಲ. ಮುಂದೆ ಧಾರವಾಡ ಕೇಂದ್ರ ಮಧ್ಯಮ ತರಂಗದ 765 ಕಿಲೋಹರ್ಟ್ಸ್‌ನಲ್ಲಿ ಕೇಳಿಸುತ್ತಿದ್ದಾಗ, ಕೇಳುಗರು ಆ ಅಂಕಿಯನ್ನು ನೆನಪಿಡುತ್ತಿರಲಿಲ್ಲ. ಮುಳ್ಳು ಎಲ್ಲಿ ನಿಂತರೆ ಧಾರವಾಡ ಬರುತ್ತದೆ ಎಂಬುದು ಬೆರಳಿಗೇ ಗೊತ್ತಿರುತ್ತಿತ್ತು.

ಆದರೆ ಮುಳ್ಳು ದಿನವೂ ಅದೇ ಜಾಗದಲ್ಲಿ ಏಕೆ ಸರಿಹೊಂದಬೇಕು? ಕೇಂದ್ರದಲ್ಲಿ ಯಾರೋ ತರಂಗದ ಕಂಪನವನ್ನು, ಎಂದರೆ ಅದು ಸೆಕೆಂಡಿಗೆ ಎಷ್ಟು ಬಾರಿ ಏರಿಳಿಯುತ್ತದೆ ಎಂಬುದನ್ನು, ಅಳೆದು ಕಾಯುತ್ತಿದ್ದರು. ಇತ್ತ ತಾಲ್ಲೂಕು ಊರಿನ ರೇಡಿಯೋ ರಿಪೇರಿ ಅಂಗಡಿಯಲ್ಲಿ ಇನ್ನೊಬ್ಬರು ಮನೆಯ ರೇಡಿಯೋವನ್ನು ಅದೇ ಅಳತೆಗೆ ಹೊಂದಿಸುತ್ತಿದ್ದರು. 765ಕ್ಕೆ ತಿರುಗಿಸಿದಾಗ ರೇಡಿಯೋ ತನ್ನೊಳಗೆ 1220 ಕಿಲೋಹರ್ಟ್ಸ್‌ನ ಇನ್ನೊಂದು ಕಂಪನ ಹುಟ್ಟಿಸುತ್ತದೆ. ಎರಡರ ವ್ಯತ್ಯಾಸ 455. ಯಾವ ಕೇಂದ್ರವಾದರೂ ಈ 455ಕ್ಕೆ ಇಳಿದ ಮೇಲೆಯೇ ಅದರ ದನಿ ಹೊರಬರುವುದು. ಈ ಹೊಂದಾಣಿಕೆ ತಪ್ಪಿದರೆ ಧಾರವಾಡದ ಮೇಲೆ ಇನ್ಯಾವುದೋ ಕೇಂದ್ರ ಬಂದು ಕೂರುತ್ತದೆ. ಅದನ್ನು ಸರಿಪಡಿಸಲು ರಿಪೇರಿಯವರ ಮೇಜಿನ ಮೇಲೆ ಒಂದು ಪೆಟ್ಟಿಗೆ ಇರುತ್ತಿತ್ತು. ಅದೇ ಸಿಗ್ನಲ್ ಜನರೇಟರ್. ಬೇಕಾದ ಕಂಪನವನ್ನು, ಬೇಕಾದಷ್ಟೇ ಪ್ರಮಾಣದಲ್ಲಿ ಕೊಡುವ ಉಪಕರಣ.

ಇಂಥ ಹಳೆಯ ಅಳತೆಯ ಪೆಟ್ಟಿಗೆಗಳ ಮುಚ್ಚಳ ತೆಗೆದರೆ ಒಳಗೆ ಬಗೆಬಗೆಯ ಸೋಜಿಗಗಳು ಕಾಣುತ್ತವೆ. ಅಗತ್ಯಕ್ಕಿಂತ ಹತ್ತು ಪಟ್ಟು ಎನಿಸುವಷ್ಟು ಸ್ಕ್ರೂಗಳು, ಎತ್ತಲೂ ತಂತಿ ಹೋಗದ ಹಿತ್ತಾಳೆ ಕೊಳವೆ, ಯಾರಿಗೂ ಬೆಳಕು ಕೊಡದ ಪುಟ್ಟ ಬಲ್ಬು, ಕೆಲವು ಕಡೆ ಒಂದು ಸುರುಳಿ ಬೆಸುಗೆ ತಂತಿ. ಮೊದಲ ಸಲ ನೋಡಿದವರಿಗೆ ಇದನ್ನು ಮಾಡಿದವನಿಗೆ ತಲೆ ಕೆಟ್ಟಿತ್ತೇ ಎನಿಸಬಹುದು. ಆದರೆ ಒಂದೊಂದಕ್ಕೂ ಒಂದೊಂದು ಕಾರಣವಿದೆ.

ಸದ್ದಲೇ!

ಮಾಗಳ ಇರುವ ಹೂವಿನಹಡಗಲಿ ತಾಲ್ಲೂಕಿನಲ್ಲೇ ಮೈಲಾರವಿದೆ. ಅಲ್ಲಿಯ ಕಾರ್ಣಿಕೋತ್ಸವವನ್ನು ಕಂಡವರು ಆ ಕ್ಷಣವನ್ನು ಮರೆಯಲಾರರು. ಲಕ್ಷಾಂತರ ಜನರ ನಡುವೆ ಗೊರವಯ್ಯ ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎನ್ನುತ್ತಾನೆ. ಡಮರುಗ ನಿಲ್ಲುತ್ತದೆ, ಜಾತ್ರೆಯೇ ಉಸಿರು ಬಿಗಿಹಿಡಿಯುತ್ತದೆ. ಆಮೇಲಷ್ಟೇ ಆ ವರ್ಷದ ನುಡಿ. ಮೊದಲು ಗದ್ದಲ ಅಡಗದಿದ್ದರೆ ಆ ಒಂದು ಸಾಲು ಯಾರ ಕಿವಿಗೂ ಬೀಳದು.

ರೇಡಿಯೋ ಅಳತೆಯ ಮೊದಲ ಕಷ್ಟವೂ ಇದೇ. ಅಮೆರಿಕದ ಹ್ಯೂಲೆಟ್ ಪ್ಯಾಕರ್ಡ್ ಕಂಪನಿಯ 608 ಸರಣಿಯ ಸಿಗ್ನಲ್ ಜನರೇಟರ್ ಅರ್ಧ ವೋಲ್ಟಿನಿಂದ ಹಿಡಿದು 0.1 ಮೈಕ್ರೋವೋಲ್ಟಿನವರೆಗೆ ಸಂಕೇತ ಕೊಡುತ್ತಿತ್ತು. 0.1 ಮೈಕ್ರೋವೋಲ್ಟ್ ಎಂದರೆ ಒಂದು ವೋಲ್ಟಿನಲ್ಲಿ ಕೋಟಿಗೆ ಒಂದು ಪಾಲು. ಪೆಟ್ಟಿಗೆಯೊಳಗೆ ವೋಲ್ಟುಗಟ್ಟಲೆ ಕಂಪನ ಕುದಿಯುತ್ತಿರುವಾಗ, ಹೊರಗೆ ಅದರ ಕೋಟಿಯಲ್ಲೊಂದು ಪಾಲು ಮಾತ್ರ, ಅದೂ ನಿಗದಿಯಾದ ಬಾಯಿಯಿಂದ ಮಾತ್ರ ಬರಬೇಕು. ಮುಚ್ಚಳದ ಸಂದಿಯಲ್ಲಿ ಚೂರು ಸೋರಿದರೂ ಪರೀಕ್ಷೆಗಿಟ್ಟ ರೇಡಿಯೋ ಸೋರಿದ್ದನ್ನೇ ಕೇಳಿಸಿಕೊಳ್ಳುತ್ತದೆ, ಅಳತೆ ಸುಳ್ಳಾಗುತ್ತದೆ.

ಸಾಲು ಸಾಲು ಸ್ಕ್ರೂಗಳ ಗುಟ್ಟು ಇಲ್ಲಿದೆ. ಎರಡು ಲೋಹದ ಹಲಗೆಗಳು ಸೇರುವಲ್ಲಿ ಉದ್ದನೆಯ ಸಂದಿ ಉಳಿದರೆ ಅದೇ ಒಂದು ಆಂಟೆನಾ ಆಗಿಬಿಡುತ್ತದೆ. ಒತ್ತೊತ್ತಾಗಿ ಸ್ಕ್ರೂ ಬಿಗಿದರೆ ಉದ್ದ ಸಂದಿ ತುಂಡುತುಂಡಾಗಿ ಸೋರಿಕೆ ನಿಲ್ಲುತ್ತದೆ. ಗುಂಡಿ ತಿರುಗಿಸುವ ಲೋಹದ ಕಡ್ಡಿ ಗೋಡೆ ದಾಟಿ ಹೊರಬಂದರೆ ಅದೂ ತರಂಗವನ್ನು ಹೊತ್ತು ತರುತ್ತದೆ. ಆದ್ದರಿಂದ ಆ ಕಡ್ಡಿಯ ನಡುವೆ ಬೇಕೆಲೈಟಿನ ತುಂಡು ಸೇರಿಸುತ್ತಿದ್ದರು. ರಿಪೇರಿ ಮಾಡಿದವರು ಅವಸರದಲ್ಲಿ ಇಪ್ಪತ್ತು ಸ್ಕ್ರೂಗಳ ಜಾಗದಲ್ಲಿ ನಾಲ್ಕನ್ನೇ ಹಾಕಿ ಮುಚ್ಚಿದರೆ ಪೆಟ್ಟಿಗೆ ನೋಡಲು ಮೊದಲಿನಂತೆಯೇ ಇರುತ್ತದೆ. ಅದರ ಮಾತು ಮಾತ್ರ ನಂಬಲು ಬಾರದು.

ಕೊಳವೆಯ ಲೆಕ್ಕ

ಸೋರಿಕೆ ತಡೆದದ್ದಾಯಿತು. ಕೋಟಿಯಲ್ಲೊಂದು ಪಾಲನ್ನು ಅಳೆದು ಕೊಡುವುದು ಹೇಗೆ? ಕಂಪನ ಹೆಚ್ಚಿದಂತೆ ಸಾಮಾನ್ಯ ರೋಧಕಗಳು ನಂಬಿಕೆಗೆ ಅರ್ಹವಾಗಿ ಉಳಿಯುವುದಿಲ್ಲ. ಅದಕ್ಕೆ ಕಂಡುಕೊಂಡ ಉಪಾಯ ಸೊಗಸಾಗಿದೆ. ತರಂಗವೊಂದು ತನ್ನ ಉದ್ದಕ್ಕೆ ಹೋಲಿಸಿದರೆ ತೀರ ಕಿರಿದಾದ ಲೋಹದ ಕೊಳವೆಯನ್ನು ಹೊಕ್ಕರೆ ಮುಂದೆ ಸಾಗಲಾರದೆ ಹೆಜ್ಜೆಹೆಜ್ಜೆಗೂ ಕ್ಷೀಣಿಸುತ್ತದೆ. ಎಷ್ಟು ಕ್ಷೀಣಿಸುತ್ತದೆ ಎಂಬುದನ್ನು ನಿರ್ಧರಿಸುವುದು ಕೊಳವೆಯ ಅಗಲ ಮಾತ್ರ. ದುಂಡು ಕೊಳವೆಯಲ್ಲಿ ಸಾಮಾನ್ಯವಾಗಿ ಬಳಸುವ ಬಗೆಯಲ್ಲಿ, ತ್ರಿಜ್ಯದಷ್ಟು ದೂರ ಸರಿದಾಗಲೆಲ್ಲ ಸಂಕೇತ 16 ಡೆಸಿಬೆಲ್ ಇಳಿಯುತ್ತದೆ. ಎಂದರೆ ವೋಲ್ಟೇಜು ಹೆಚ್ಚುಕಡಿಮೆ ಆರರಲ್ಲಿ ಒಂದು ಪಾಲಾಗುತ್ತದೆ. ಮೂರು ತ್ರಿಜ್ಯ ಸರಿದರೆ ಸುಮಾರು 250ರಲ್ಲಿ ಒಂದು ಪಾಲು.

ಹೀಗಾಗಿ ಆ ಹಿತ್ತಾಳೆ ಕೊಳವೆಯೊಳಗೆ ಒಂದು ಪುಟ್ಟ ತಂತಿಯ ಕುಣಿಕೆಯನ್ನು ಹಲ್ಲುಪಟ್ಟಿಯ ಮೇಲೆ ಹಿಂದೆ ಮುಂದೆ ಸರಿಸಿದರೆ ಸಾಕು. ಮುಂಭಾಗದ ಗುಂಡಿ ನೇರವಾಗಿ ಅಳತೆ ಹೇಳುತ್ತದೆ. ವಿದ್ಯುತ್ತಿನ ಸೂಕ್ಷ್ಮ ಸಮಸ್ಯೆಯೊಂದು ಕಮ್ಮಟದವನ ಕೈಗೆ, ಕೊಳವೆ ಕೊರೆಯುವ ನಯಗಾರಿಕೆಗೆ ಬಂದು ನಿಂತಿತು. ಕೊಳವೆಯ ಅಳತೆ ತಪ್ಪದಿದ್ದರೆ ಅಂಕಿಯೂ ತಪ್ಪದು. ಈ ಕುಣಿಕೆಗೆ ಇದ್ದ ದೊಡ್ಡ ಶತ್ರು ಮರೆವು. ಜನರೇಟರಿಗೆ ವಯರ್‌ಲೆಸ್ ಸೆಟ್ಟನ್ನು ಜೋಡಿಸಿಟ್ಟು ಯಾರಾದರೂ ಮರೆತು ಮಾತಾಡುವ ಗುಂಡಿ ಒತ್ತಿದರೆ, ಮೈಕ್ರೋವೋಲ್ಟ್ ಕೊಡುವ ಬಾಯಿಗೆ ವ್ಯಾಟುಗಟ್ಟಲೆ ಶಕ್ತಿ ನುಗ್ಗಿ ಅಲ್ಲಿಯ ಪುಟ್ಟ ರೋಧಕ ಸುಟ್ಟುಹೋಗುತ್ತಿತ್ತು.

ನಾಲ್ಕು ದೀಪಗಳು

ಇನ್ನು ದೀಪಗಳು. ಇವುಗಳಲ್ಲಿ ಅತ್ಯಂತ ಪ್ರಸಿದ್ಧವಾದದ್ದು ವಿಲಿಯಂ ಹ್ಯೂಲೆಟ್ ಎಂಬ ವಿದ್ಯಾರ್ಥಿ ಸ್ಟ್ಯಾನ್‌ಫರ್ಡ್‌ನಲ್ಲಿ ತನ್ನ ಪ್ರಬಂಧಕ್ಕಾಗಿ ಬಳಸಿದ ಬಲ್ಬು. ಶುದ್ಧ ಸ್ವರವೊಂದನ್ನು ಏರಿಳಿತವಿಲ್ಲದೆ ಹುಟ್ಟಿಸುವುದು ಆ ಕಾಲಕ್ಕೆ ಬಲು ಕಷ್ಟ. ಆಂದೋಲಕದ ಬಲ ಸ್ವಲ್ಪ ಹೆಚ್ಚಾದರೆ ಸ್ವರ ಒಡೆಯುತ್ತದೆ, ಕಡಿಮೆಯಾದರೆ ನಿಂತೇಹೋಗುತ್ತದೆ. ಹ್ಯೂಲೆಟ್ ಮಂಡಲದ ನಡುವೆ ಒಂದು ಸಾಧಾರಣ ಬಲ್ಬು ಇಟ್ಟರು. ಬಲ್ಬಿನ ಟಂಗ್‌ಸ್ಟನ್ ತಂತಿ ಕಾದಂತೆಲ್ಲ ಅದರ ರೋಧ ಹೆಚ್ಚುತ್ತದೆ. ಸ್ವರ ಜೋರಾದರೆ ತಂತಿ ಕಾಯುತ್ತದೆ, ರೋಧ ಏರುತ್ತದೆ, ಸ್ವರ ತಾನಾಗಿ ತಗ್ಗುತ್ತದೆ. ತಗ್ಗಿದರೆ ತಂತಿ ಆರಿ ಮತ್ತೆ ಏರುತ್ತದೆ. ಯಾವ ಕಾವಲುಗಾರನೂ ಇಷ್ಟು ನಿಷ್ಠೆಯಿಂದ ಕಾಯಲಾರ. 1939ರಲ್ಲಿ ಹ್ಯೂಲೆಟ್ ಮತ್ತು ಡೇವಿಡ್ ಪ್ಯಾಕರ್ಡ್ ಒಂದು ಗ್ಯಾರೇಜಿನಲ್ಲಿ ಕಂಪನಿ ತೆರೆದದ್ದು ಈ ಉಪಕರಣದಿಂದಲೇ. ‘ಫ್ಯಾಂಟಾಸಿಯಾ’ ಚಿತ್ರಕ್ಕಾಗಿ ವಾಲ್ಟ್ ಡಿಸ್ನಿ ಸಂಸ್ಥೆ ಇಂಥ 8 ಉಪಕರಣಗಳನ್ನು ಕೊಂಡಿತು. ಇದು ಕಿವಿಗೆ ಕೇಳುವ ಸ್ವರಗಳ ಯಂತ್ರವಾದರೂ ರೇಡಿಯೋ ಪರೀಕ್ಷೆಗೂ ಬೇಕಾದದ್ದು, ಏಕೆಂದರೆ ತರಂಗದ ಮೇಲೆ ಕೂರಿಸುವ ಸ್ವರ ಬರಬೇಕಾದದ್ದು ಇಂಥದರಿಂದ.

ಎರಡನೆಯದು ನಿಯಾನ್ ದೀಪ. ನಿಶ್ಚಿತ ವೋಲ್ಟೇಜಿಗೆ ಹೊತ್ತಿಕೊಳ್ಳುವ ಗುಣಕ್ಕಾಗಿ ಇದನ್ನು ಪೆಟ್ಟಿಗೆಯೊಳಗೆ ಬಳಸುತ್ತಿದ್ದರು. ಆದರೆ ಮೇಜಿನ ಮೇಲೆ ಸರಿಯಾಗಿದ್ದ ದೀಪ, ಮುಚ್ಚಳ ಹಾಕಿದೊಡನೆ ಹಟ ಹಿಡಿದು ತಡವಾಗಿ ಹೊತ್ತುತ್ತಿತ್ತು. ಕಾರಣ, ಹೊತ್ತಿಕೊಳ್ಳಲು ಮೊದಲ ಕೆಲವು ಎಲೆಕ್ಟ್ರಾನುಗಳು ಬೇಕು. ಅವನ್ನು ಬಿಡಿಸಿಕೊಡುತ್ತಿದ್ದುದು ಕೋಣೆಯ ಬೆಳಕು. ಕತ್ತಲಲ್ಲಿ ಆ ನೆರವಿಲ್ಲ. ಆದ್ದರಿಂದ ದೀಪಕ್ಕೆ ಬೆಳಕು ತೋರಿಸಲು ಪಕ್ಕದಲ್ಲಿ ಇನ್ನೊಂದು ದೀಪ ಇಡುತ್ತಿದ್ದರು, ಇಲ್ಲವೇ ದೀಪದೊಳಗೇ ವಿಕಿರಣಶೀಲ ವಸ್ತುವಿನ ಲವಲೇಶ ಸೇರಿಸುತ್ತಿದ್ದರು.

ಮೂರನೆಯದು ಇದಕ್ಕೆ ತದ್ವಿರುದ್ಧ. ರೇಡಿಯೋ ವೋಲ್ಟೇಜನ್ನು ಡಯೋಡ್ ಏಕಮುಖವಾಗಿಸಿದರೆ ಸಿಗುವ ವಿದ್ಯುತ್ತು ಅತ್ಯಲ್ಪ. ಅದನ್ನು ನೇರವಾಗಿ ಹಿಗ್ಗಿಸಲು ಹೋದರೆ ವಾಲ್ವಿನ ಕಾವಿನ ಏರುಪೇರೇ ಅದನ್ನು ಮುಳುಗಿಸುತ್ತದೆ. ಅದಕ್ಕೆ ಆ ವಿದ್ಯುತ್ತನ್ನು ತುಂಡರಿಸಿ, ತುಂಡುಗಳನ್ನು ಹಿಗ್ಗಿಸಿ, ಮತ್ತೆ ಕೂಡಿಸುವ ಉಪಾಯ ಬಂತು. ತುಂಡರಿಸುವ ಕತ್ತರಿ ಬೆಳಕು. ಮಿನುಗುವ ನಿಯಾನ್ ದೀಪ, ಅದರೆದುರು ಬೆಳಕು ಬಿದ್ದಾಗ ಮಾತ್ರ ವಿದ್ಯುತ್ತನ್ನು ಹರಿಯಬಿಡುವ ಕ್ಯಾಡ್ಮಿಯಂ ಸಲ್ಫೈಡಿನ ಚೂರು. ಇಲ್ಲಿ ಹೊರಗಿನ ಬೆಳಕು ಹೊಕ್ಕರೆ ಅಳತೆ ಕೆಡುತ್ತದೆ. ಒಂದು ಪೆಟ್ಟಿಗೆ ಕತ್ತಲಲ್ಲಿ ತಪ್ಪುತ್ತಿತ್ತು, ಇನ್ನೊಂದು ಬೆಳಕಲ್ಲಿ.

ನಾಲ್ಕನೆಯದು ನಮ್ಮೆಲ್ಲರ ಮನೆಯಲ್ಲಿದ್ದ ಟ್ಯೂಬ್‌ಲೈಟ್. ಪ್ರತಿಯೊಂದು ರೇಡಿಯೋ ಗ್ರಾಹಕವೂ ತನ್ನದೇ ಆದ ಸಣ್ಣ ಗೊರಗೊರ ಸದ್ದು ಮಾಡುತ್ತದೆ. ಅದಕ್ಕಿಂತ ಕ್ಷೀಣವಾದ ಸಂಕೇತ ಬಂದರೆ ಹಿಡಿಯುವುದು ಕಷ್ಟ. ಆ ಸದ್ದನ್ನು ಅಳೆಯಬೇಕಾದರೆ ಗೊತ್ತಾದ ಪ್ರಮಾಣದ ಇನ್ನೊಂದು ಸದ್ದು ಬೇಕು. ಅಮೆರಿಕದ ಬೆಲ್ ಪ್ರಯೋಗಾಲಯದ ಮಮ್‌ಫರ್ಡ್ 1949ರಲ್ಲಿ ಪ್ರಕಟಿಸಿದ ವಿಧಾನದಲ್ಲಿ ಮೈಕ್ರೋವೇವ್ ಕೊಳವೆಗೆ ಅಡ್ಡವಾಗಿ ಸಾಧಾರಣ ಟ್ಯೂಬ್‌ಲೈಟನ್ನೇ ತೂರಿಸಿದ್ದರು. ಅದನ್ನು ಮುಟ್ಟಿದರೆ ಬೆಚ್ಚಗಷ್ಟೇ. ಆದರೆ ಒಳಗಿನ ಎಲೆಕ್ಟ್ರಾನುಗಳ ಚಡಪಡಿಕೆ ಸುಮಾರು 10 ಸಾವಿರ ಡಿಗ್ರಿ ಕಾವಿಗೆ ಸಮ. ಈ ಪ್ರಮಾಣ ಬಹುಮಟ್ಟಿಗೆ ಸ್ಥಿರ. ದೀಪ ಆರಿಸಿ ಒಮ್ಮೆ, ಹಚ್ಚಿ ಒಮ್ಮೆ ನೋಡಿದರೆ ಗ್ರಾಹಕದ ಸ್ವಂತ ಸದ್ದು ಎಷ್ಟೆಂದು ತಿಳಿಯುತ್ತದೆ.

ಪೆಟ್ಟಿಗೆ ಮತ್ತು ಪುಸ್ತಕ

ಈ ಎಲ್ಲ ಸೋಜಿಗಗಳಿಗಿಂತ ಮನಸ್ಸಿಗೆ ನಾಟುವುದು ಬಿಸಿ-221 ಎಂಬ ಪೆಟ್ಟಿಗೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ಬಳಸಿದ ಕಂಪನಮಾಪಕ ಇದು. ಯುದ್ಧ ಮುಗಿದ ಮೇಲೆ ಹೆಚ್ಚುವರಿ ಸರಕಾಗಿ ಮಾರಾಟವಾದ ರೇಡಿಯೋ ಸಾಮಾನುಗಳ ಜೊತೆ ಇದೂ ಲೋಕದ ನಾನಾ ಕಡೆಯ ಹವ್ಯಾಸಿಗಳ ಕೈ ಸೇರಿತು.

ಇದರ ಕೆಲಸವನ್ನು ಧಾರವಾಡ ಸೀಮೆಯ ಸಂಗೀತಪ್ರಿಯರಿಗೆ ವಿವರಿಸುವುದು ಸುಲಭ. ತಂಬೂರಿಯ ಎರಡು ತಂತಿಗಳು ಶ್ರುತಿಗೆ ಸಮೀಪವಿದ್ದು ಸೇರದಿದ್ದಾಗ ನಾದ ಅಲೆಅಲೆಯಾಗಿ ತೂಗುತ್ತದೆ. ಸೇರುತ್ತ ಬಂದಂತೆ ಅಲೆ ನಿಧಾನವಾಗಿ, ಕೊನೆಗೆ ಇಲ್ಲವಾಗುತ್ತದೆ. ಬಿಸಿ-221ರಲ್ಲೂ ಅಷ್ಟೇ. ಅಳೆಯಬೇಕಾದ ತರಂಗವನ್ನೂ ಪೆಟ್ಟಿಗೆಯ ತರಂಗವನ್ನೂ ಬೆರೆಸಿ ಹೆಡ್‌ಫೋನಿನಲ್ಲಿ ಕೇಳಿದರೆ ಸಿಳ್ಳು ಕೇಳುತ್ತದೆ. ಗುಂಡಿ ತಿರುಗಿಸುತ್ತ ಹೋದರೆ ಸಿಳ್ಳು ತಗ್ಗಿ, ಗೊಗ್ಗರಾಗಿ, ಅಡಗುತ್ತದೆ. ಸದ್ದಡಗಿದ ಆ ಬಿಂದುವೇ ಅಳತೆ.

ಆದರೆ ಗುಂಡಿಯ ಮೇಲೆ ಕಿಲೋಹರ್ಟ್ಸ್ ಎಂದು ಬರೆದಿಲ್ಲ, ಬರಿಯ ಅಂಕಿಗಳಿವೆ. ಅವುಗಳ ಅರ್ಥ ಮುಚ್ಚಳದೊಳಗಿನ ಪುಸ್ತಕದಲ್ಲಿದೆ. ಕಾರ್ಖಾನೆಯಲ್ಲಿ ಎರಡು ಪೆಟ್ಟಿಗೆಗಳು ತಂತಿಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ಆಗುವುದು ಅಸಾಧ್ಯವೆಂದು ಅದನ್ನು ಮಾಡಿದವರು ಒಪ್ಪಿಕೊಂಡಿದ್ದರು. ಆದ್ದರಿಂದ ಒಂದೊಂದು ಪೆಟ್ಟಿಗೆಯನ್ನೂ ಬೇರೆಯಾಗಿ ಅಳೆದು, ಅದಕ್ಕೆಂದೇ ಪಟ್ಟಿಗಳ ಪುಸ್ತಕ ಸಿದ್ಧಪಡಿಸಿ, ಪೆಟ್ಟಿಗೆಯ ಕ್ರಮಸಂಖ್ಯೆಯನ್ನೇ ಪುಸ್ತಕಕ್ಕೂ ಹಾಕಿದರು. ಇವನ ಪುಸ್ತಕ ಅವನ ಪೆಟ್ಟಿಗೆಗೆ ಆಗದು.

ನಮ್ಮ ಶಾಸನಗಳನ್ನು ಓದಿದವರಿಗೆ ಇದು ಹೊಸದೆನಿಸದು. ಹಿಂದೆ ನೆಲ ಅಳೆಯುವ ಗಳೆ ಊರೂರಿಗೂ ಬೇರೆ. ಬಳ್ಳಿಗಾವೆಯ 11ನೇ ಶತಮಾನದ ಶಾಸನದಲ್ಲಿ ಭೇರುಂಡ ಗಳೆಯ ಉಲ್ಲೇಖವಿದೆ. ಇಷ್ಟು ಮತ್ತರು ಎಂದಷ್ಟೇ ಬರೆದರೆ ಸಾಲದು, ಯಾವ ಗಳೆಯಿಂದ ಎಂದೂ ಹೇಳಬೇಕಿತ್ತು. ಗಳೆಯ ಹೆಸರು ಕಳೆದರೆ ಅಂಕಿ ಉಳಿದೂ ಅಳತೆ ಹೋದಂತೆ. ಪುಸ್ತಕ ಕಳೆದ ಬಿಸಿ-221ರ ಗತಿಯೂ ಅದೇ.

ಗೋಡೆಯ ಮೇಲಿನ ಸುರುಳಿ

1946ರಲ್ಲಿ ಆರಂಭವಾದ ಅಮೆರಿಕದ ಟೆಕ್‌ಟ್ರಾನಿಕ್ಸ್ ಕಂಪನಿಯ ಆಸಿಲೋಸ್ಕೋಪುಗಳಲ್ಲಿ ಬಿಡಿಭಾಗಗಳನ್ನು ಪಿಂಗಾಣಿ ಪಟ್ಟಿಗಳ ಬೆಳ್ಳಿ ಲೇಪಿಸಿದ ಕಚ್ಚುಗಳಲ್ಲಿ ಬೆಸೆಯುತ್ತಿದ್ದರು. ಸಾಮಾನ್ಯ ಸೀಸ-ತವರದ ಬೆಸುಗೆಯನ್ನು ಮತ್ತೆ ಮತ್ತೆ ಹಾಕಿದರೆ ಆ ಬೆಳ್ಳಿ ಕರಗಿ, ಲೇಪ ಪಿಂಗಾಣಿಯಿಂದ ಕಿತ್ತುಬರುತ್ತದೆ. ತುಸು ಬೆಳ್ಳಿ ಬೆರೆಸಿದ ಬೆಸುಗೆಯೇ ಆಗಬೇಕು. ಅದು ಎಲ್ಲ ಊರಲ್ಲೂ ಸಿಗುವುದಿಲ್ಲ. ಆದ್ದರಿಂದ ಪೆಟ್ಟಿಗೆಯ ಒಳಗೋಡೆಗೆ ಆ ತಂತಿಯ ಪುಟ್ಟ ಸುರುಳಿಯೊಂದನ್ನು ಸಿಕ್ಕಿಸಿ ಕಳಿಸುತ್ತಿದ್ದರು.

ಎಲ್ಲೋ, ಎಂದೋ, ಯಾರೋ ಒಬ್ಬರು ಈ ಮುಚ್ಚಳ ತೆಗೆಯುತ್ತಾರೆ, ಅವರಿಗೆ ಇದು ಬೇಕಾಗುತ್ತದೆ ಎಂಬ ನಂಬಿಕೆ ಅದರ ಹಿಂದಿತ್ತು. ಆ ಕಾಲದ ಕೈಪಿಡಿಗಳೂ ಹಾಗೆಯೇ. ಪೂರ್ಣ ನಕ್ಷೆ, ಯಾವ ಬಿಂದುವಿನಲ್ಲಿ ಎಷ್ಟು ವೋಲ್ಟ್ ಇರಬೇಕೆಂಬ ವಿವರ, ಹೀಗೇಕೆ ಮಾಡಿದೆವು ಎಂಬ ವಿವರಣೆ ಎಲ್ಲವೂ ಇರುತ್ತಿದ್ದವು.

ಎಲ್ಲ ಸೋಜಿಗವೂ ಜಾಣತನವೇನಲ್ಲ ಎಂಬುದನ್ನೂ ಹೇಳಬೇಕು. 1970ರ ದಶಕದ ಹೆಸರಾಂತ 8640 ಬಿ ಜನರೇಟರಿನ ಒಳಗಿನ ಪ್ಲಾಸ್ಟಿಕ್ ಹಲ್ಲುಚಕ್ರಗಳು ವಯಸ್ಸಾದಂತೆ ಸೀಳುತ್ತವೆ. ಆದರೆ ಒಳಗೇನಿದೆ ಎಂದು ಬರೆದಿಟ್ಟಿದ್ದರಿಂದಲೇ ಆ ಚಕ್ರಗಳನ್ನು ಹೊಸದಾಗಿ ಮಾಡಿಕೊಂಡು ಹಾಕಲು ಸಾಧ್ಯವಾಗಿದೆ.

ನಮ್ಮ ಪಾಲು

ಈ ಕಥೆಯಲ್ಲಿ ಕರ್ನಾಟಕದ ಪಾಲು ಸಣ್ಣದಲ್ಲ. ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆಯಲ್ಲೇ 1935ರಲ್ಲಿ ಬಾನುಲಿ ಕೇಂದ್ರ ಆರಂಭಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1946ರಲ್ಲಿ ವಿದ್ಯುತ್ ಸಂಪರ್ಕ ಎಂಜಿನಿಯರಿಂಗ್ ವಿಭಾಗ ಬಂತು. 1948ರಲ್ಲಿ ಐಟಿಐ, 1954ರಲ್ಲಿ ಫ್ರಾನ್ಸಿನ ಸಿಎಸ್‌ಎಫ್ ಸಹಯೋಗದಲ್ಲಿ ಜಾಲಹಳ್ಳಿಯ ಬಿಇಎಲ್ ಬಂದವು. ಬಿಇಎಲ್ 1961ರಲ್ಲಿ ರೇಡಿಯೋ ವಾಲ್ವ್‌ಗಳನ್ನೂ 1964ರಲ್ಲಿ ಆಕಾಶವಾಣಿಗೆ ಪ್ರಸಾರಕಗಳನ್ನೂ ತಯಾರಿಸತೊಡಗಿತು. ಗೌರಿಬಿದನೂರಿನಲ್ಲಿ 1970ರ ದಶಕದಲ್ಲಿ ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆಗಳು 1000 ಡೈಪೋಲ್‌ಗಳ, ಪೂರ್ವ-ಪಶ್ಚಿಮವಾಗಿ 1.4 ಕಿಲೋಮೀಟರ್ ಚಾಚಿದ ರೇಡಿಯೋ ದೂರದರ್ಶಕ ಕಟ್ಟಿದವು. 34.5 ಮೆಗಾಹರ್ಟ್ಸ್‌ನಲ್ಲಿ ಅದು ಆಲಿಸುತ್ತಿದ್ದುದು ಆಕಾಶಗಂಗೆಯ ಗೊರಗೊರವನ್ನು. ಇಂಥ ಯಾವ ಕೆಲಸವೂ ಅಳತೆಯ ಪೆಟ್ಟಿಗೆಗಳಿಲ್ಲದೆ ಒಂದು ಹೆಜ್ಜೆಯೂ ನಡೆಯದು.

ಬಳಕೆ ಮುಗಿದ ಉಪಕರಣ ಹರಾಜಾಗಿ ಗುಜರಿಗೆ ಹೋಗುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಆಸುಪಾಸಿನ ಅಂಗಡಿಗಳಲ್ಲಿ ಹಳೆಯ ಎಲೆಕ್ಟ್ರಾನಿಕ್ ಸಾಮಾನು ಹುಡುಕಿದವರಿಗೆ ಈ ದೃಶ್ಯ ಗೊತ್ತು. ಪೆಟ್ಟಿಗೆ ತೂಕಕ್ಕೆ, ಕೈಪಿಡಿ ರದ್ದಿಗೆ. ಎರಡೂ ಒಂದೇ ದಿನ ಕಚೇರಿಯಿಂದ ಹೊರಟರೂ ಬೇರೆ ಬೇರೆ ಗಾಡಿ ಹತ್ತುತ್ತವೆ. ಅಲ್ಲಿಗೆ ಆ ಬಲ್ಬು ಏಕಿದೆ ಎಂದು ಹೇಳುವವರಿಲ್ಲ.

ಹೊಸ ಉಪಕರಣಗಳಲ್ಲಿ ತೊಂದರೆ ಇನ್ನೊಂದು ಬಗೆಯದು. ಅವು ಹಳೆಯವುಗಳಿಗಿಂತ ಎಷ್ಟೋ ನಿಖರ, ಹಗುರ, ಅಗ್ಗ. ಆದರೆ ಪೂರ್ಣ ನಕ್ಷೆ ಈಗ ಅಪರೂಪ. ಒಂದೊಂದು ಪೆಟ್ಟಿಗೆಯ ಸ್ವಂತ ತಿದ್ದುಪಡಿಯ ಅಂಕಿಗಳು ಕಾಗದ ಬಿಟ್ಟು ಚಿಪ್ಪಿನೊಳಗೆ ಸೇರಿವೆ. 1980, 90ರ ದಶಕಗಳ ಹಲವು ಉಪಕರಣಗಳಲ್ಲಿ ಆ ಚಿಪ್ಪಿನ ನೆನಪನ್ನು ಕಾಯುತ್ತಿದ್ದುದು ಗುಂಡಿಯಂಥ ಒಂದು ಲಿಥಿಯಂ ಬ್ಯಾಟರಿ. ಹತ್ತಿಪ್ಪತ್ತು ವರ್ಷಕ್ಕೆ ಅದು ಸತ್ತಾಗ ಅಂಕಿಗಳೂ ಅಳಿಸಿಹೋಗುತ್ತವೆ. ಬಿಸಿ-221ರ ಪುಸ್ತಕಗಳಾದರೋ 80 ವರ್ಷ ಕಳೆದರೂ ಓದುವಂತಿವೆ.

ಕೊನೆಗೆ ಮಾಗಳದ ಗುಡಿಗೆ ಬರೋಣ. ಮದರಾಸು ಪ್ರಾಂತದ ಪುರಾತತ್ತ್ವ ಇಲಾಖೆಯ ಅಲೆಗ್ಸಾಂಡರ್ ರೀ ಬಳ್ಳಾರಿ ಜಿಲ್ಲೆಯ ಚಾಲುಕ್ಯ ದೇವಾಲಯಗಳನ್ನು ಅಳೆದು, ನಕ್ಷೆ ಬರೆದು, 1896ರಲ್ಲಿ ಪುಸ್ತಕವಾಗಿ ಹೊರತಂದರು. ಮಾಗಳದ ಗುಡಿಯೂ ಅದರಲ್ಲಿದೆ. ಮುಂದೆಂದಾದರೂ ಒಂದು ಕಂಬ ಜರುಗಿದರೆ ಅದು ಎಲ್ಲಿತ್ತು, ಹೇಗಿತ್ತು ಎಂದು ನೋಡಲು ಒಂದು ಪುಸ್ತಕವಿದೆ. ನಮ್ಮ ಕಾರ್ಖಾನೆ, ಕಾಲೇಜು, ಪಾಲಿಟೆಕ್ನಿಕ್‌ಗಳ ಉಗ್ರಾಣಗಳಲ್ಲಿ ದೂಳು ಹಿಡಿದ ಪೆಟ್ಟಿಗೆಗಳಿಗೆ ಅಷ್ಟು ಭಾಗ್ಯವಿಲ್ಲ. ಎಲ್ಲವನ್ನೂ ಉಳಿಸಿಕೊಳ್ಳಲು ಜಾಗವಿಲ್ಲ, ನಿಜ. ಕನಿಷ್ಠ ಒಂದೊಂದು ಮಾದರಿಯನ್ನಾದರೂ ಅದರ ಕೈಪಿಡಿಯ ಸಮೇತ ಇಡಬಹುದು. ಅದನ್ನು ಬಿಚ್ಚಿ ಜೋಡಿಸಿದ ಹಿರಿಯ ತಂತ್ರಜ್ಞರು ಇನ್ನೂ ನಮ್ಮ ನಡುವೆ ಇರುವಾಗಲೇ ಅವರ ಬಾಯಿಂದ ಕೇಳಿ ಬರೆದುಕೊಳ್ಳಬಹುದು. ಮುಂದಿನ ಸಲ ಹರಾಜಿನ ಪಟ್ಟಿ ಬರೆಯುವವರು ಪೆಟ್ಟಿಗೆಗೂ ಪುಸ್ತಕಕ್ಕೂ ಒಂದೇ ಹಗ್ಗ ಕಟ್ಟಿದರೆ ಅಷ್ಟರಮಟ್ಟಿಗೆ ಉಪಕಾರವಾಗುತ್ತದೆ.